ನೀಲಮ್ಮನವರ ಕ್ಯಾನು ಮತ್ತು ಸೋರುವ ಡಿಕ್ಕಿ

ಸೋರುವುದನ್ನು ಬಚ್ಚಿಟ್ಟು ಒಂದು ಕಾರು ಮಾರಿದೆ — ಅದು ನನ್ನ ಮೊದಲ ತಪ್ಪು. ಆಮೇಲೆ ಯಾರಿಗೂ ಹೇಳದೆ ಆ ಸೋರಿಕೆಯನ್ನು ಮುಚ್ಚಿದೆ — ಇದು ಅದಕ್ಕಿಂತ ದೊಡ್ಡದು. ರಿಪೇರಿ ಮಾಡಿದ್ದು ಹೇಗೆ ತಪ್ಪಾಗುತ್ತದೆ ಎಂದು ನೀವು ಕೇಳಬಹುದು. ನಾನೂ ಬಹಳ ವರ್ಷ ಹಾಗೆಯೇ ಕೇಳಿಕೊಂಡು ತಪ್ಪಿಸಿಕೊಂಡಿದ್ದೇನೆ.

ನಾನು ಬೀದರ ಜಿಲ್ಲೆಯವನು. ಕೈಯಲ್ಲೊಂದು ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಔರಂಗಾಬಾದಿಗೆ — ಈಗ ಸಂಭಾಜಿನಗರ ಎನ್ನುತ್ತಾರೆ — ಬಂದವನು. ಚಿಕಲಠಾಣಾದ ಕಾರ್ಖಾನೆಗಳ ಬದಿಗೆ ತಗಡಿನ ಶೆಡ್ಡು ಹಾಕಿ, ಹಳೆ ಕಾರು ಕೊಳ್ಳುವುದು, ನೆಟ್ಟಗೆ ಮಾಡುವುದು, ಮಾರುವುದು, ಎಲ್ಲ ನಾನೇ ಕಲಿತೆ. ಈ ಧಂದೆಯ ಒಂದು ಮಾತು ಮೊದಲು ಹೇಳಿಬಿಡುತ್ತೇನೆ, ಉಪಯೋಗಕ್ಕೆ ಬಂದೀತು. ಹಳೆ ಕಾರು ಕೊಳ್ಳುವವರು ಬಾನೆಟ್ ಎತ್ತಿ ಇಂಜಿನ್ ನೋಡುತ್ತಾರೆ, ಟೈರಿಗೆ ಒದೆಯುತ್ತಾರೆ. ಡಿಕ್ಕಿಯೊಳಗೆ ಯಾರೂ ತಲೆ ಹಾಕುವುದಿಲ್ಲ. ನೀವು ಹಾಕಿರಿ. ಚಾಪೆ ಎತ್ತಿರಿ, ಸ್ಟೆಪ್ನಿ ತೆಗೆಯಿರಿ, ಅದು ಕೂಡುವ ಕುಣಿಯೊಳಗೆ ಕೈಯಾಡಿಸಿ ಕೈ ಮೂಸಿ ನೋಡಿರಿ. ನಿಂತು ಹೋದ ನೀರಿನ ವಾಸನೆ ಯಾವ ಊದಿನಕಡ್ಡಿಗೂ ಬಗ್ಗುವುದಿಲ್ಲ. — ಈ ಸಲಹೆಯನ್ನು ಆ ದಿನಗಳಲ್ಲಿ ನಾನು ಯಾವ ಗಿರಾಕಿಗೂ ಕೊಟ್ಟವನಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ನಿಫಾಡ್ ಕಡೆಯ ದ್ರಾಕ್ಷಿ ತೋಟದವರೊಬ್ಬರಿಂದ ಒಂದು ಬಿಳಿ ಕಾರು ಕೊಂಡು ತಂದೆ. ಇಂಜಿನ್ ಬಂಗಾರ. ಡಿಕ್ಕಿ ಮಾತ್ರ ನೆನೆದ ಗೋಣಿಚೀಲದ ಹಾಗೆ ನಾರುತ್ತಿತ್ತು. ಸುಮ್ಮನೆ ಕುತೂಹಲಕ್ಕೆ ಒಂದು ದಿನ ಬ್ಯಾಟರಿ ಹಿಡಿದು ನಾನೇ ಒಳಗೆ ಮಡಚಿ ಮಲಗಿದೆ, ಮೇಲಿಂದ ಮೆಕ್ಯಾನಿಕನಿಗೆ ನೀರು ಹಾಕಲು ಹೇಳಿದೆ. ಮೊದಲು ಕೆಳಗೆ, ಆಮೇಲೆ ಸ್ವಲ್ಪ ಸ್ವಲ್ಪ ಮೇಲೆ — ಒಮ್ಮೆಲೇ ಮೇಲಿಂದ ಸುರಿದರೆ ಎಲ್ಲಿಂದ ಬಂತೆಂದು ದೇವರಿಗೂ ತಿಳಿಯದು. ಬಲಗಡೆಯ ಹಿಂದಿನ ದೀಪದ ಸುತ್ತಲಿನ ರಬ್ಬರು ಕಲ್ಲಾಗಿ ಬಿರುಕು ಬಿಟ್ಟಿತ್ತು. ನೀರು ಅಲ್ಲಿ ನುಗ್ಗಿ, ತಗಡಿನ ಮಡಿಕೆಗುಂಟ ಕಾಣದ ಹಾಗೆ ಸರಿದು, ಎಡಗಡೆಯ ಕುಣಿಯಲ್ಲಿ ಹೋಗಿ ನಿಲ್ಲುತ್ತಿತ್ತು. ಬರುವುದು ಒಂದು ಕಡೆ, ಸಿಕ್ಕಿಬೀಳುವುದು ಇನ್ನೊಂದು ಕಡೆ.

ರಬ್ಬರು ಬದಲಿಸಬೇಕಿತ್ತು. ಆದರೆ ಯುಗಾದಿ ಹತ್ತಿರ ಬಂದಿತ್ತು, ಗಿರಾಕಿ ಬಾಗಿಲಲ್ಲಿದ್ದರು, ಬಿಸಿಲಿಗೆ ಎಲ್ಲ ಒಣಗಿತ್ತು. ಮಾಲೇಗಾಂವ್ ಮಗ್ಗದ ಹತ್ತಿ ಚಿಂದಿಯನ್ನು ಕುಣಿಗೆ ತುಂಬಿ, ಮೇಲೆ ಹೊಸ ಚಾಪೆ ಹಾಸಿದೆ.

ಗಿರಾಕಿ ಶರಣಪ್ಪ ಸರ್. ಕಲಬುರಗಿ ಕಡೆಯವರು, ಬ್ಯಾಂಕಿನಲ್ಲಿ ಅಧಿಕಾರಿ, ವರ್ಗವಾಗಿ ಬಂದಿದ್ದರು. ಊರ ಕನ್ನಡಿಗರಿಗೆಲ್ಲ ಅವರ ಮಾತೆಂದರೆ ಮಾತು. ಶಾಖೆಗಳ ತನಿಖೆಗೆಂದು ತಿಂಗಳಿಗೊಮ್ಮೆ ನಾಶಿಕಕ್ಕೆ ಹೋಗುತ್ತಿದ್ದರು. ಅಲ್ಲಿ ತಂಗಿಯ ಮನೆ ಇದ್ದುದರಿಂದ ಅವರ ಹೆಂಡತಿ ನೀಲಮ್ಮ ಅಕ್ಕಾವರೂ ಜೊತೆಗೆ ಹೊರಡುತ್ತಿದ್ದರು.

ಅಕ್ಕಾವರದು ಒಂದು ಪದ್ಧತಿ. ಲಿಂಗಪೂಜೆ ಆಗದೆ ಬಾಯಿಗೆ ಏನೂ ಹಾಕುವವರಲ್ಲ. ಪೂಜೆಗೆ ತಾವೇ ಸೋಸಿ ತುಂಬಿದ ನೀರೇ ಆಗಬೇಕು. ನಸುಕಿಗೆ ಹೊರಡುವಾಗ ಒಂದು ಸ್ಟೀಲ್ ಕ್ಯಾನು ತುಂಬಿ ಡಿಕ್ಕಿಯ ಎಡಮೂಲೆಯಲ್ಲಿ ಇಡುವುದು. ದಾರಿಯಲ್ಲಿ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಪೂಜೆ. ಆಮೇಲೆ ರೊಟ್ಟಿ, ಶೇಂಗಾ ಹಿಂಡಿ. ಅವರಿಗೆ ಆ ಪ್ರಯಾಣದ ಸುಖ ಇದ್ದದ್ದೇ ಅಲ್ಲಿ ಎಂದು ಸರ್ ನಗುತ್ತಿದ್ದರು.

ಜೂನ್ ತಿಂಗಳ ಮಿರುಗದ ಮಳೆ ಬಂತು. ನಾಶಿಕ ಮುಟ್ಟಿ ಡಿಕ್ಕಿ ತೆಗೆದರೆ ಸರ್ ಅವರ ತನಿಖೆಯ ಕಾಗದಗಳೆಲ್ಲ ನೆಂದು ಅಂಟಿಕೊಂಡಿದ್ದವು. ಮೇಲಿನವರ ಮುಂದೆ ತಲೆ ತಗ್ಗಿಸಬೇಕಾಯಿತು. ಮರಳಿ ಬಂದವರೇ ನೆಟ್ಟಗೆ ನನ್ನ ಶೆಡ್ಡಿಗೆ ಬಂದರು.

"ಏನ್ರೀ ಸಾವ್ಕಾರ್ರ, ಕಾರು ಮಾರೀರೋ ಬಾವಿ ಮಾರೀರೋ?"

ನಾನು ಕೇಳಿದೆ, ಡಿಕ್ಕಿಯಲ್ಲಿ ಏನೇನಿತ್ತೆಂದು. ಕಾಗದ, ಹಾಸಿಗೆ, ರೊಟ್ಟಿ ಗಂಟು, ಕ್ಯಾನು — ಅವರು ಎಣಿಸುತ್ತಿದ್ದರು. ಕ್ಯಾನು ಎಂದ ಕೂಡಲೇ ನಾನು ಅದನ್ನೇ ಹಿಡಿದುಕೊಂಡೆ.

"ಸರ್, ತಪ್ಪ ತಿಳೀಬ್ಯಾಡ್ರಿ. ಅಕ್ಕಾವರ ಕ್ಯಾನ್ ಒಮ್ಮೆ ನೋಡ್ರಿ."

ಇಷ್ಟೇ ಅಂದದ್ದು. ನೀರು ನಿಂತದ್ದೂ ಎಡಗಡೆ, ಕ್ಯಾನು ಇದ್ದದ್ದೂ ಎಡಗಡೆ. ಅವರ ಮುಖ ಬದಲಾದದ್ದು ಈಗಲೂ ಕಾಣುತ್ತದೆ.

ಹತ್ತು ದಿನ ಕಳೆದು ಇಬ್ಬರೂ ಬಂದರು. ಈ ಸಲ ಮುಂದೆ ಅಕ್ಕಾವರು. ಡಿಕ್ಕಿ ತೆಗೆದು, "ಅಣ್ಣಾರ, ಇಲ್ಲಿ ನೋಡ್ರಿ," ಅಂದರು.

ಒಳಗೆಲ್ಲ ಬೆಳ್ಳಗೆ ರಂಗೋಲಿ ಪುಡಿ.

ಕ್ಯಾನು ತುಂಬಿ, ಅಡ್ಡ ಮಲಗಿಸಿ, ಇಡೀ ಹಗಲು ಪೇಪರಿನ ಮೇಲೆ ಇಟ್ಟು ನೋಡಿದ್ದರಂತೆ, ಒಂದು ಹನಿ ಇಲ್ಲ. ಹಾಗಾದರೆ ನೀರು ಎಲ್ಲಿಯದು? ಡಿಕ್ಕಿಯನ್ನು ಖಾಲಿ ಮಾಡಿ, ಚಿಂದಿಯನ್ನೆಲ್ಲ ಕಿತ್ತು, ಒರೆಸಿ ಒಣಗಿಸಿ, ಜರಡಿಯಲ್ಲಿ ರಂಗೋಲಿ ಪುಡಿ ಜಾಡಿಸಿ, ಮುಚ್ಚಿ, ಗಾಡಿಯನ್ನು ಮಳೆಯಲ್ಲಿ ನಿಲ್ಲಿಸಿದ್ದರು. ಹಿಟ್ಟಿನಂಥ ಆ ಬಿಳುಪಿನ ಮೇಲೆ ಒಂದೇ ಒಂದು ಬೂದು ಗೆರೆ — ಇರುವೆ ಸಾಲಿನಷ್ಟು ಸಣ್ಣದು — ಬಲಗಡೆಯ ದೀಪದಿಂದ ಹೊರಟು, ಡೊಂಕಾಗಿ ಎಡಗಡೆಯ ಕುಣಿಗೆ ಇಳಿದಿತ್ತು.

ನಿಜ ಹೇಳುತ್ತೇನೆ, ನನಗೆ ಮೊದಲು ಹೆದರಿಕೆ ಆಗಲಿಲ್ಲ; ಬೆರಗಾಯಿತು. ನಾನು ಮೈ ಮಡಚಿ ಒಳಗೆ ಮಲಗಿ, ಮೆಕ್ಯಾನಿಕನೊಡನೆ ಅರ್ಧ ದಿನ ಒದ್ದಾಡಿ ಕಂಡದ್ದನ್ನು ಈ ಹೆಣ್ಣುಮಗಳು ಒಂದು ಬೊಗಸೆ ರಂಗೋಲಿಯಲ್ಲಿ ಬರೆಸಿ ತಂದಿದ್ದರು.

"ನೋಡ್ರಿ, ನಮ್ಮನಿಯಾಕಿ ಅಂಗಳ ಬಿಟ್ಟು ಡಿಕ್ಕಿಗಿ ರಂಗೋಲಿ ಹಾಕ್ಯಾಳ," ಎಂದು ಸರ್ ನಕ್ಕರು. "ಇನ್ನ ತೋರಣಾ ಒಂದ ಕಟ್ಟೂದು ಉಳದದ."

"ನಗ್ರಿ. ನಕ್ಕಾದ ಮ್ಯಾಲ ಗೆರಿ ನೋಡ್ರಿ," ಅಂದರು ಅಕ್ಕಾವರು. ಕಣ್ಣು ಮಾತ್ರ ನನ್ನ ಮೇಲೆ.

ಹೌದು ಅನ್ನಬೇಕಿತ್ತು. ಒಂದೇ ಶಬ್ದ — ಆದರೆ ಹೌದೆಂದರೆ ಸರ್ ಅವರ ಮಾತಿನ ಮೇಲೆ ನನ್ನ ಹತ್ತಿರ ಗಾಡಿ ಕೊಂಡವರೆಲ್ಲ ತಿರುಗಿ ಬಾಗಿಲಿಗೆ ಬರುತ್ತಿದ್ದರು.

"ಅಕ್ಕಾರ," ಅಂದೆ, "ಹಿಂದ ಚೆಲ್ಲಿದ ನೀರು ತಗಡಿನ ಸಂದಿನ್ಯಾಗ ನಿಂತಿರತದ. ಗಾಡಿ ಅಲುಗಿದಾಗ ಎಲ್ಲಿಂದಾರ ಹೊರಗ ಬರತದ. ಒಂದು ದಿನ ಗಾಡಿ ಬಿಟ್ಟ ಹೋಗ್ರಿ, ಒಣಗಿಸಿ ಕೊಡ್ತೀನಿ. ಕ್ಯಾನ್ ಮಾತ್ರ ಇಡಬ್ಯಾಡ್ರಿ. ಆಮ್ಯಾಲ ನೀವ ನೋಡ್ರಿ."

ಸರ್ ತಲೆಯಾಡಿಸಿದರು. ಅಕ್ಕಾವರು ಡಿಕ್ಕಿ ಮುಚ್ಚಿದರು.

ಅಂದೇ ದೀಪ ಬಿಚ್ಚಿ, ಹೊಸ ರಬ್ಬರು ಕೂಡಿಸಿ, ಸುತ್ತ ಕರಿ ಅಂಟು ಬಳಿದು ಬಿಗಿದೆ. ಕೆಲಸ ಅಂದರೆ ಕೆಲಸ — ಆಮೇಲೆ ಆ ಡಿಕ್ಕಿಯಲ್ಲಿ ಹನಿ ನೀರು ಕಾಣಲಿಲ್ಲ. ಕ್ಯಾನು ಇಡುವುದು ನಿಂತಿತು, ನೀರು ಬರುವುದೂ ನಿಂತಿತು. ಲೆಕ್ಕ ತಿಳಿದ ಮನುಷ್ಯನಿಗೆ ಇದಕ್ಕಿಂತ ಸಾಕ್ಷಿ ಏನು ಬೇಕು? ನನ್ನ ರಿಪೇರಿಯೇ ಅಕ್ಕಾವರ ಮೇಲಿನ ಆರೋಪವನ್ನು ಮೊಳೆ ಹೊಡೆದು ಗಟ್ಟಿ ಮಾಡಿತು.

ಗಾಡಿ ಒಯ್ಯಲು ಬಂದ ದಿನ ಅಕ್ಕಾವರು ದೀಪದ ಸುತ್ತ ಬೆರಳಾಡಿಸಿದರು. ಅಂಟು ಇನ್ನೂ ಹಸಿ ಇತ್ತು. ಕಪ್ಪಾದ ಬೆರಳನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. "ಛಲೋ ಒಣಗಿಸೀರಿ, ಅಣ್ಣಾರ," ಅಂದರು. ಅಷ್ಟೇ. ಸರ್‌ಗೆ ಯಾಕೆ ಹೇಳಲಿಲ್ಲವೋ — ಅಥವಾ ಹೇಳಿದರೂ ಅವರು ನಂಬಲಿಲ್ಲವೋ. ಇಂದಿಗೂ ಗೊತ್ತಿಲ್ಲ.

ದೀಪಾವಳಿಗೆ ಸಿಹಿ ಕೊಡಲು ಹೋದಾಗ ಸರ್ ಸಹಜವಾಗಿ ಹೇಳಿದರು: "ಈಗ ಆಕಿ ನಾಶಿಕ ಮುಟ್ಟೂತನಕ ಉಪವಾಸ. ತಂಗಿ ಮನ್ಯಾಗ ನೀರು ಸೋಸಿ, ಪೂಜಿ ಮಾಡಿ, ಆಮ್ಯಾಲ ಊಟ." ಅಕ್ಕಾವರು ಒಳಗೆ ಚಹಾ ಸೋಸುತ್ತಿದ್ದರು. ನಾನು ಆ ಚಹಾ ಕುಡಿದೆ.

ಇನ್ನೂ ಇದೆ. ಪುಡಿಯ ಉಪಾಯವನ್ನು ನಾನು ಬಿಡಲಿಲ್ಲ. ಡಿಕ್ಕಿ ಸೋರುತ್ತದೆಂದು ಯಾರೇ ಬಂದರೂ ರಂಗೋಲಿ ಜಾಡಿಸಿ ಗೆರೆ ಹಿಡಿದು ತೋರಿಸುತ್ತಿದ್ದೆ. ನಾಶಿಕದ ಮೆಕ್ಯಾನಿಕರೂ ಬಂದು ಕಲಿತು ಹೋದರು. ಯಾರು ಹೇಳಿಕೊಟ್ಟರೆಂದು ಕೇಳಿದರೆ, ನನ್ನ ತಲೆ ಎನ್ನುತ್ತಿದ್ದೆ. ನೀವೂ ಮಾಡಿ ನೋಡಿರಿ, ಬಹಳ ಒಳ್ಳೆಯ ಉಪಾಯ. ಆದರೆ ಅದು ನೀಲಮ್ಮನವರದು, ತಮ್ಮ ಮಾತು ನಿಜವೆಂದು ತೋರಿಸಲು ಅವರು ಹುಡುಕಿಕೊಂಡದ್ದು. ಅದರಿಂದ ಊರಿಗೆಲ್ಲ ಲಾಭವಾಯಿತು, ಅವರೊಬ್ಬರಿಗೆ ಬಿಟ್ಟು.

ಮೊನ್ನೆ ಕಲಬುರಗಿಯಲ್ಲಿ ಒಂದು ಮದುವೆಯಲ್ಲಿ ಇಬ್ಬರೂ ಸಿಕ್ಕರು. ಸರ್ ಕೋಲು ಹಿಡಿದಿದ್ದಾರೆ, ನಗು ಹಾಗೇ ಇದೆ. ಪಂಕ್ತಿಯಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ, "ಇವರ ಕಾರಿನ್ಯಾಗ ನಮ್ಮನಿಯಾಕಿ ಕೆರಿ ಕಟ್ಟಿದ್ಲು!" ಎಂದು ಆ ಕಥೆ ಮತ್ತೆ ಹೇಳಿದರು. ಮೊಮ್ಮಕ್ಕಳೂ ಜೊತೆಗೆ ಹೇಳಿದರು, ಅವರಿಗೆ ಬಾಯಿಪಾಠವಾಗಿತ್ತು. ಎಲ್ಲರೂ ನಕ್ಕರು. ಅಕ್ಕಾವರು ಎಲೆಯ ಮೇಲಿನ ಉಪ್ಪನ್ನು ಬೆರಳಿಂದ ಸರಿಮಾಡುತ್ತ ಕೂತಿದ್ದರು.

ನಾನೂ ನಕ್ಕೆ.

ಅದಕ್ಕೇ ಇದನ್ನು ಬರೆದೆ. ಬರುವ ಸೋಮವಾರ ಈ ಕಾಗದ ಹಿಡಿದು ಕಲಬುರಗಿಗೆ ಹೋಗುತ್ತೇನೆ. ಸರ್ ಮುಂದೆ, ಮಕ್ಕಳು ಮೊಮ್ಮಕ್ಕಳ ಮುಂದೆ ನಿಂತು ಓದುತ್ತೇನೆ. ಚೌಕಾಸಿ ಮಾಡಿಯೇ ಹೊಟ್ಟೆ ಹೊರೆದವನು ನಾನು. ಇಲ್ಲಿ ಮಾತ್ರ ಕೇಳಿಕೊಳ್ಳಲು ಏನೂ ಇಲ್ಲ.

ಅಕ್ಕಾವ್ರ, ನಿಮ್ಮ ಕ್ಯಾನು ಸೋರಲಿಲ್ಲ. ಬಲಗಡೆಯ ದೀಪ ಸೋರುತ್ತಿತ್ತು. ನನಗೆ ಮೊದಲಿಂದಲೂ ಗೊತ್ತಿತ್ತು.