ಹುಳದ ಮನೆ ಅಕ್ಕನ ಕೈ

ಸುಣ್ಣದ ಜೊತೆ ಅಂಗೈಯಲ್ಲಿ ತಿಕ್ಕಿದ ಹೊಗೆಸೊಪ್ಪಿನ ವಾಸನೆ ಮೂಗಿಗೆ ಬಡಿದ ಕೂಡಲೇ, ಮಡಿಲಲ್ಲಿದ್ದ ಹೂವಿನ ಕುಂಡವನ್ನು ಸರಕ್ಕನೆ ಕಿಟಕಿಯ ಕಡೆಗೆ ಎಳೆದುಕೊಂಡೆ. ಹೋದ ವಾರದ ಮಾತು. ಬೈರಮಂಗಲ ಕ್ರಾಸಿನ ಹತ್ತಿರದ ನರ್ಸರಿಯಲ್ಲಿ ಒಂದು ಪೆಟೂನಿಯಾ ಗಿಡ ಕೊಂಡು ರಾಮನಗರದ ಬಸ್ಸು ಹತ್ತಿದ್ದೆ. ಪಕ್ಕದ ಸೀಟಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಎಲೆಅಡಿಕೆ ಚೀಲ ಬಿಚ್ಚಿ ಕೂತಿದ್ದರು. ಗಿಡ ಕೊಡುವಾಗ ನರ್ಸರಿಯವನು ಎಚ್ಚರಿಕೆ ಹೇಳಿದ್ದ. “ಹೊಗೆಸೊಪ್ಪು ಮುಟ್ಟಿದ ಕೈಲಿ ಇದನ್ನ ಮುಟ್ಟಬೇಡಿ ಮೇಡಂ. ಇದೂ ಅದೇ ಜಾತಿ ಗಿಡ, ಅದರ ರೋಗ ಇದಕ್ಕೂ ಅಂಟ್ಕೊಳ್ತದೆ. ಎಲೆ ಮಚ್ಚೆ ಮಚ್ಚೆಯಾಗಿ ಮುರುಟ್ಕೊಂಡ್ರೆ ಮುಗೀತು, ಕಿತ್ತು ಸುಡೋದೇ.” ಆ ಮಾತು ಕೇಳಿದಾಗಲೇ ಮನಸ್ಸು ಹೊಂಗನೂರಿಗೆ ಹೋಗಿಬಿಟ್ಟಿತ್ತು. ಬಸ್ಸಿನಲ್ಲಿ ಈ ವಾಸನೆಯೂ ಸೇರಿತು...

ಹದಿನೈದು ವರ್ಷದ ಹಿಂದೆ ನಾನು ಟೀಚರ್ ಕೆಲಸದ ಮೇಲೆ ಹೊಂಗನೂರಿನಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆ. ಮನೆಯ ಹಿಂದೆ ಸೊಂಟದೆತ್ತರದ ಗೋಡೆ, ಗೋಡೆಯಾಚೆ ಹಿಪ್ಪುನೇರಳೆ ತೋಟ, ತೋಟದ ಮೂಲೆಯಲ್ಲಿ ರೇಷ್ಮೆಹುಳ ಸಾಕುವ ಮನೆ. ಅದರ ಯಜಮಾನಿಯನ್ನು ಊರವರೆಲ್ಲ ಹುಳದ ಮನೆ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು. ಹಣೆಯಲ್ಲಿ ವಿಭೂತಿ, ಸೊಂಟದಲ್ಲಿ ಎಲೆಅಡಿಕೆ ಚೀಲ, ಬಾಯಲ್ಲಿ ಸದಾ ಹೊಗೆಸೊಪ್ಪು.

ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ತರಕಾರಿಯವನ ತಕ್ಕಡಿಯ ತಳ ಮುಟ್ಟಿ ನೋಡದೆ ಬದನೆಕಾಯಿ ಕೊಂಡವಳಲ್ಲ. ಅಂಥವಳು ಹಿತ್ತಲಿನ ಗೋಡೆಯ ಮೇಲೆ ಸಾಲಾಗಿ ಎಂಟು ಕುಂಡ ಪೆಟೂನಿಯಾ ಇಟ್ಟಿದ್ದೆ. ನೇರಳೆ, ಬಿಳಿ, ಗುಲಾಬಿ. ತಿಂಗಳು ತುಂಬುವುದರೊಳಗೆ ಮೊಗ್ಗುಗಳಲ್ಲಿ ತೂತು ಬಿದ್ದವು, ಅರಳಿದ ಹೂಗಳು ಹರಿದು ಚಿಂದಿಯಾಗಿದ್ದವು. ಮೊದಲು ಕೋಳಿಗಳನ್ನು ಬೈದೆ. ಆಮೇಲೆ ಪಕ್ಕದ ಬೀದಿಯ ಮಕ್ಕಳನ್ನು ಬೈದೆ. ಒಂದು ದಿನ ಬೆಳಗ್ಗೆ ಹಾಲಿಗೆಂದು ಎದ್ದವಳು ಕಿಟಕಿಯಿಂದ ನೋಡಿದರೆ, ಅಕ್ಕ ಗೋಡೆಗೆ ಒರಗಿ ನನ್ನ ಗಿಡಗಳಲ್ಲಿ ಕೈಯಾಡಿಸುತ್ತಿದ್ದಾರೆ! ಏನನ್ನೋ ಕಿತ್ತು ತೆಂಗಿನ ಚಿಪ್ಪಿಗೆ ಹಾಕಿಕೊಳ್ಳುತ್ತಿದ್ದಾರೆ. ನಾನು ಬಾಗಿಲು ತೆರೆದ ಸದ್ದಿಗೆ ಚಿಪ್ಪನ್ನು ಸೆರಗಿನೊಳಗೆ ಸೇರಿಸಿಕೊಂಡರು.

“ಏನಕ್ಕ?” ಎಂದೆ.

“ಏನಿಲ್ಲ ಕಣಮ್ಮ, ಸುಮ್ಕೆ ನೋಡ್ತಿದ್ದೆ” ಎಂದು ಹೊರಟೇಹೋದರು.

ಸುಮ್ಮನೆ ನೋಡುವವರಿಗೆ ಚಿಪ್ಪು ಯಾಕೆ? ಅವತ್ತಿನಿಂದ ಅಕ್ಕ ಮಾಡಿದ್ದೆಲ್ಲ ನನಗೆ ಅನುಮಾನವೇ. ಎದುರು ಸಿಕ್ಕಾಗಲೆಲ್ಲ ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರು. “ಹೂವಿಗೆ ಔಸ್ದಿ ಗಿಸ್ದಿ ಹೊಡೀತೀರಾ ಟೀಚರಮ್ಮ?” ನಾನು ಔಷಧಿ ಹೊಡೆದರೆ ತಮ್ಮ ಕಳ್ಳತನಕ್ಕೆ ಅಡ್ಡಿ ಎಂದು ವಿಚಾರಿಸುತ್ತಾರೆ ಎಂದುಕೊಂಡೆ. ಒಮ್ಮೆ ಹುಳ ನೋಡುವ ಆಸೆಯಿಂದ ಅವರ ಬಾಗಿಲಿಗೆ ಹೋದೆ. ಹೊಸ್ತಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತಟ್ಟೆ, ಪಕ್ಕದಲ್ಲಿ ಕೈ ತೊಳೆಯಲು ಬಕೆಟ್ಟು. ಅಕ್ಕ ಬಾಗಿಲಿಗೆ ಅಡ್ಡ ನಿಂತರು. “ಒಳಿಕ್ಕೆ ಬರಬೇಡಿ ಟೀಚರಮ್ಮ, ಹುಳ ಜ್ವರಕ್ಕೆ ಕುಂತವೆ.” ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ಮಲಗುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಸ್ವಂತ ತಂಗಿ ಬಂದರೂ ಒಳಗೆ ಬಿಡುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಕಣ್ಣು ಬೀಳುತ್ತದೆ ಎಂದು ತಡೆದರು ಎಂದು ಕುದಿದುಹೋದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಮುಂದಿನ ವಾರ ಗಿಡಗಳ ಎಲೆಯ ಮೇಲೆ ಹಳದಿ ಮಚ್ಚೆ ಮೂಡಿ, ಚಿಗುರು ಮುರುಟಿಕೊಳ್ಳತೊಡಗಿತು. ಅಕ್ಕನ ಕೈ ಆಡಿದ ಕಡೆಯೇ ಜಾಸ್ತಿ. ನನಗೆ ಇನ್ನೇನು ಬೇಕು? ಚನ್ನಪಟ್ಟಣಕ್ಕೆ ಹೋಗಿ ಕೀಟನಾಶಕದ ಬಾಟಲಿ ತಂದೆ. ಅಂಗಡಿಯವನು, “ಅಕ್ಕಪಕ್ಕ ರೇಷ್ಮೆ ಐತಾ ಮೇಡಂ?” ಎಂದು ಕೇಳಿದ. “ಎಂಟು ಕುಂಡಕ್ಕೆ ಎಷ್ಟು ಮಹಾ ಹೊಡೀತೀನಿ” ಎಂದು ಮಾತು ಹಾರಿಸಿದೆ.

ಭಾನುವಾರ ಸಂಜೆ ಗಿಡಗಳಿಗೆ ತೋಯುವಂತೆ ಹೊಡೆದೆ. ಗಾಳಿ ಗೋಡೆಯಾಚೆಗೆ ಬೀಸುತ್ತಿತ್ತು. ನೋಡಲಿಲ್ಲ ಎಂದು ಹೇಳಲಾರೆ... ನೋಡಿದೆ. ಇಷ್ಟಕ್ಕೆಲ್ಲ ಏನಾದೀತು ಎಂದುಕೊಂಡೆ. ಪಂಪು ಒಳಗಿಟ್ಟು ಬರುವಷ್ಟರಲ್ಲಿ ಅಕ್ಕ ಸೊಪ್ಪು ಕೊಯ್ಯಲು ಕುಡುಗೋಲು ಹಿಡಿದು ಬಂದರು. ನಾಲ್ಕನೇ ಜ್ವರ ಎದ್ದ ಹುಳ, ಹೊತ್ತು ಹೊತ್ತಿಗೂ ರಾಶಿ ಮೇವು ಬೇಕು. ಗೋಡೆಯ ಹತ್ತಿರ ನಿಂತು ಮೂಗು ಅರಳಿಸಿದರು.

“ಏನೋ ಘಾಟು ಬತ್ತೈತೆ. ಔಸ್ದಿ ಹೊಡುದ್ರಾ ಟೀಚರಮ್ಮ?”

ನನ್ನ ಮನೆ, ನನ್ನ ಗಿಡ, ಹೂ ಕದಿಯುವವರಿಗೆ ನಾನೇಕೆ ಉತ್ತರ ಕೊಡಬೇಕು ಎಂಬ ಸಿಟ್ಟು. “ಇಲ್ಲಕ್ಕ, ನೆಲಕ್ಕೆ ಫಿನಾಯಿಲ್ ಹಾಕಿದೆ” ಎಂದೆ.

“ನೀವು ಹೇಳುದ್ ಮ್ಯಾಲೆ ಸರಿ ಬುಡಿ” ಎಂದರು. ಗೋಡೆಯ ಪಕ್ಕದ ಸಾಲಿನಿಂದಲೇ ಸೊಪ್ಪು ಕೊಯ್ದು, ಹೊರೆ ಕಟ್ಟಿಕೊಂಡು ಹೋದರು. ನಾನು ನೋಡುತ್ತ ನಿಂತಿದ್ದೆ. ಕರೆದು ಒಂದು ಮಾತು ಹೇಳಿದ್ದರೆ ಆ ಹೊರೆ ತಿಪ್ಪೆಗೆ ಹೋಗುತ್ತಿತ್ತು, ಅಷ್ಟೇ. ನಾನು ಕರೆಯಲಿಲ್ಲ.

ಎರಡು ದಿನ ಬಿಟ್ಟು ಹುಳಗಳು ತಲೆ ಎತ್ತಿ ಒದ್ದಾಡಿ, ಹಸಿರು ನೀರು ಕಕ್ಕಿ ಸತ್ತವಂತೆ. ಇನ್ನೊಂದು ವಾರ ಕಳೆದಿದ್ದರೆ ಗೂಡು ಕಟ್ಟುತ್ತಿದ್ದವು. ಮನೆಯವರೆಲ್ಲ ಸೇರಿ ಬುಟ್ಟಿ ಬುಟ್ಟಿ ಹುಳವನ್ನು ತೋಟದ ಮೂಲೆಯ ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚುವುದನ್ನು ನಾನು ಕಿಟಕಿಯಿಂದ ನೋಡಿದೆ. ಈಗ ಬಂದು ಕೇಳುತ್ತಾರೆ, ಈಗ ಬಂದು ಜಗಳ ತೆಗೆಯುತ್ತಾರೆ ಎಂದು ದಿನವಿಡೀ ಕಾದೆ. ಬೀದಿಯಲ್ಲಿ ಯಾರು ನಕ್ಕರೂ, ಯಾರು ಪಿಸುಗುಟ್ಟಿದರೂ ನನ್ನ ಬಗ್ಗೆಯೇ ಅನ್ನಿಸುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ನನ್ನದು.

ಸಾಯಂಕಾಲ ಅಕ್ಕ ಬಂದರು. ಬಂದು ನನ್ನ ಮೆಟ್ಟಿಲ ಮೇಲೆ ಕೂತರು. ಕೈಯಲ್ಲಿ ಅದೇ ತೆಂಗಿನ ಚಿಪ್ಪು. ಅದನ್ನು ನನ್ನ ಕಾಲ ಹತ್ತಿರ ಇಟ್ಟರು. ಒಳಗೆ ಒಣಗಿದ ಹಸಿರು ಹುಳಗಳು.

“ನಿಮ್ಮ ಹೂವಿನ ಮೊಗ್ಗು ಕೊರೀತಿದ್ದವು ಇವೇ ಕಣಮ್ಮ. ದಿನಾ ಎದ್ದು ಆಯ್ತಿದ್ದೆ. ಹುಳ ಇಲ್ದಿದ್ರೆ ನೀವು ಔಸ್ದಿ ಹೊಡೆಯಕ್ಕಿಲ್ಲ ಅಂತ. ಹೊಡೀಬೇಡಿ ಅಂತ ಓದ್ದೋರಿಗೆ ಬಾಯ್ಬುಟ್ಟು ಹೇಳಕ್ಕೆ ಒಸಿ ಸಂಕೋಚ ಆಯ್ತಿತ್ತು.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಕ್ಕ ತಮ್ಮ ಬಲಗೈ ಬಿಡಿಸಿ ಅಂಗೈಯನ್ನು ನೋಡುತ್ತ ಕೂತಿದ್ದರು. ಹೊಗೆಸೊಪ್ಪು ತಿಕ್ಕಿ ತಿಕ್ಕಿ ಕಂದುಗಟ್ಟಿದ್ದ ಅಂಗೈ.

“ನೀವು ಹೊಡುದಿಲ್ಲ. ಸುತ್ತಮುತ್ತ ಯಾರೂ ಹೊಡುದಿಲ್ಲ. ಇನ್ನೇನು, ಈ ಕೈಯೇ ಟೀಚರಮ್ಮ. ಅವಸರದಾಗೆ ತೊಳೀನಿಲ್ಲ ಅನ್ಸುತ್ತೆ, ಹೊಗೆಸೊಪ್ಪಿನ ಕೈಲೇ ಮೇವು ಹಾಕ್ಬುಟ್ಟೆ. ಹುಳಕ್ಕೆ ಅದು ಇಸ ಕಣಮ್ಮ. ನನ್ ಕೈಯಾರೆ ಸಾಯಿಸ್ಬುಟ್ಟೆ.”

ಎಲೆಅಡಿಕೆ ಚೀಲವನ್ನು ಸೊಂಟದಿಂದ ಕಿತ್ತು ಗೋಡೆಯಾಚೆಗೆ ಎಸೆದರು. ನಾನು ಏನು ಮಾಡಿದೆ? ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದು ಕೊಟ್ಟೆ. ಸಕ್ಕರೆ ಸಾಕಾ ಎಂದು ಕೇಳಿದೆ. ಕೇಳಿದ್ದು ಅಷ್ಟೇ. ಮುಂದಿನ ಬೇಸಗೆಯಲ್ಲಿ ವರ್ಗವಾಯಿತು, ಹೊರಟುಬಂದೆ...

ಮೂರು ವರ್ಷದ ಹಿಂದೆ ಚನ್ನಪಟ್ಟಣದ ಒಂದು ಮದುವೆಯಲ್ಲಿ ಅಕ್ಕನ ಸೊಸೆ ಸಿಕ್ಕಿದರು. ಅಕ್ಕ ಹೋಗಿ ವರ್ಷವಾಯಿತು ಎಂದರು. “ಅತ್ತೆ ಸಾಯೋಗಂಟ ಹೊಗೆಸೊಪ್ಪು ಮುಟ್ನಿಲ್ಲ. ಹುಳದ ಮನೆ ಒಳಿಕ್ಕೂ ಕಾಲಿಡ್ನಿಲ್ಲ. ನನ್ ಕೈ ಆಗಲ್ಲ, ನೀವೇ ಮೇವು ಹಾಕಿ ಅಂತ ಹೊಸ್ತಿಲ ತಾವೇ ನಿಂತ್ಕಳೋರು.” ಎಲೆಯಲ್ಲಿ ಬಡಿಸಿದ ಊಟ ಬಿಟ್ಟು ಎದ್ದೆ.

ಬಸ್ಸಿನಲ್ಲಿ ಪಕ್ಕದ ಹೆಂಗಸು ನನ್ನನ್ನೇ ನೋಡುತ್ತಿದ್ದರು. ಕುಂಡ ಎಳೆದುಕೊಂಡದ್ದು ಅವರ ಮನಸ್ಸಿಗೆ ನಾಟಿರಬೇಕು. ನರ್ಸರಿಯವನ ಮಾತು ನಿಜವಾದರೆ, ಅಂದು ನನ್ನ ಗಿಡಗಳಿಗೆ ಮಚ್ಚೆ ರೋಗ ಅಂಟಿದ್ದು ಅಕ್ಕನ ಕೈಯಿಂದಲೇ ಇರಬಹುದು. ಇದ್ದರೆ ಇರಲಿ. ಎಂಟು ಕುಂಡ ಹೂವಿಗೆ ಆ ಕೈಯನ್ನು ಅನುಮಾನಿಸಿದವಳು, ಅಷ್ಟೂ ಹುಳದ ಪಾಪವನ್ನು ಆ ಕೈಗೇ ಹೊರಿಸಿ ಬಂದೆ.

“ಯಾಕವ್ವ ಹಂಗೆ ಎಳ್ಕೊಂಡೆ? ನನ್ ಕೈ ಏನ್ ಮಾಡ್ತು?” ಎಂದರು ಆ ಹೆಂಗಸು.

“ನಿಮ್ಮ ಕೈ ಏನೂ ಮಾಡಿಲ್ಲಮ್ಮ” ಎಂದೆ. ಕುಂಡವನ್ನು ಮತ್ತೆ ಮಡಿಲಿಗೆ ತಂದುಕೊಂಡೆ. “ಏನೂ ಮಾಡಿಲ್ಲ. ಮಾಡಿದ್ದು ನಾನು.”

ಅವರಿಗೆ ಏನೂ ಅರ್ಥವಾಗಲಿಲ್ಲ. ಸರಿ ಬಿಡು ಎಂಬಂತೆ ತಲೆಯಾಡಿಸಿ, ಹೊಗೆಸೊಪ್ಪನ್ನು ಬಾಯಿಗಿಟ್ಟುಕೊಂಡು ಆಚೆ ಬದಿಯ ಕಿಟಕಿಯತ್ತ ನೋಡತೊಡಗಿದರು.