ಅಂಗಡಿ ಅಕ್ಷರ

ನನ್ನ ತಮ್ಮನಿಗೆ ಶಾಲೆಯ ಸುತ್ತಮುತ್ತ ಇರುವ ಹೆಸರು ಜ್ವಾಲಾಮುಖಿ. ಅವನನ್ನು ನೋಡದೆ ಹೆಸರು ಮಾತ್ರ ಕೇಳಿದವರು ಯಾರೋ ಮುಂಗೋಪಿ ಇರಬೇಕು ಅಂದುಕೊಳ್ಳುತ್ತಾರೆ. ಮೂಗಿನ ತುದಿಯಲ್ಲಿ ಕೋಪ ಇರುವುದು ನನಗೆ. ಅವನೋ, ತನ್ನ ಕಾಲು ತುಳಿದವರ ಹತ್ತಿರವೇ ಕ್ಷಮೆ ಕೇಳುವ ಪೈಕಿ. ಆ ಹೆಸರು ಬಂದದ್ದು ಅವನು ಮಾಡಿಕೊಡುವ ಜ್ವಾಲಾಮುಖಿಗಳಿಂದ. ಕಾಗದ ನೆನೆಸಿ ಅರೆದು ಕಟ್ಟಿದ ಬೆಟ್ಟ, ತುದಿಯಲ್ಲಿ ಒಂದು ತೂತು, ಒಳಗೆ ಸೋಡಾಪುಡಿ, ಮೇಲಿಂದ ವಿನೆಗರ್ ಹೊಯ್ದರೆ ಕೆಂಪು ನೊರೆ. ವಿಜ್ಞಾನ ಮೇಳ ಹತ್ತಿರ ಬಂತೆಂದರೆ ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಂಥ ಬೆಟ್ಟಗಳು ಸಾಲಾಗಿ ಒಣಗುತ್ತಿರುತ್ತವೆ.

ಅಂಗಡಿ ಇರುವುದು ಶಾಲೆಯ ಗೇಟಿನ ಎದುರಿಗೆ. ಮುಂದಿನ ಕೋಣೆಯಲ್ಲಿ ಪೆನ್ನು, ಪುಸ್ತಕ, ಬಣ್ಣದ ಕಾಗದ. ಹಿಂದಿನದರಲ್ಲಿ ಥರ್ಮಾಕೋಲು, ತಂತಿ, ಪುಟ್ಟ ಮೋಟಾರುಗಳು. ಪಕ್ಕದ ಕೋಣೆಯಲ್ಲಿ ನಾನು ಕಿಟಕಿ ಪರದೆ ಹೊಲಿಯುತ್ತೇನೆ. ನಡುವೆ ಇರುವುದು ಬರೀ ಹಲಗೆಯ ಗೋಡೆಯಾದ್ದರಿಂದ ಅಲ್ಲಿ ಆಡಿದ ಮಾತೆಲ್ಲ ನನ್ನ ಕಿವಿಗೆ ಬೀಳುತ್ತದೆ. ಮೇಲಿನ ಮಹಡಿಯಲ್ಲಿ ಮನೆ. ತಮ್ಮ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವನ ಹೆಂಡತಿ, ಅವರ ಒಬ್ಬಳೇ ಮಗಳು, ನಾನು. ಮಗಳನ್ನು ನಾವು ಕರೆಯುವುದು ಕಡ್ಡಿ ಎಂದು. ಮೈ ಹಾಗಿದೆ ಎಂದಲ್ಲ. ಏನು ಹೇಳಿದರೂ ಕಡ್ಡಿ ಮುರಿದ ಹಾಗೆ ಹೇಳುತ್ತಾಳೆ.

ತಮ್ಮ ಮೊದಲು ಅಂಗಡಿಗಳ ಬೋರ್ಡ್ ಬರೆಯುತ್ತಿದ್ದ. ಹಲ್ಲಿನ ಡಾಕ್ಟರಿಗೆ ಗಂಭೀರ ಅಕ್ಷರ, ಕ್ಷೌರದಂಗಡಿಗೆ ಬಳುಕುವ ಅಕ್ಷರ, ಯಾರಿಗೆ ಯಾವುದು ಬೇಕೋ ಅದು. ಪ್ರಿಂಟಾಗಿ ಬರುವ ಫ್ಲೆಕ್ಸ್ ಶುರುವಾದ ಮೇಲೆ ಕುಂಚ ಮೂಲೆ ಸೇರಿತು, ಅವನು ಈ ಅಂಗಡಿ ಸೇರಿದ. ಒಂದು ಸಲ ಒಬ್ಬ ತಾಯಿ ಬಂದು, ನಾಳೆ ಮೇಳ, ಮಗ ಏನೂ ಮಾಡಿಲ್ಲ ಎಂದು ಅತ್ತಳು. ಇವನ ಮನಸ್ಸು ಬೆಣ್ಣೆ, ಕೂತು ಒಂದು ಬೆಟ್ಟ ಮಾಡಿಕೊಟ್ಟ. ಅದಕ್ಕೆ ಬಹುಮಾನ ಬಂತು. ಸುದ್ದಿ ಬಾಯಿಂದ ಬಾಯಿಗೆ ಹೋಗಿ ಮರುವರ್ಷ ಅಂಗಡಿ ಮುಂದೆ ಸಾಲು ನಿಂತಿತು.

ಈ ಕಸುಬಿನಲ್ಲಿ ಚೆನ್ನಾಗಿ ಮಾಡಿದರೆ ಸಾಲದು, ಮಗು ಮಾಡಿದ ಹಾಗೆ ಕಾಣಬೇಕು. ಅದಕ್ಕೆ ಅವನು ಒಂದು ಅಂಚನ್ನು ಬೇಕೆಂದೇ ಸೊಟ್ಟ ಕತ್ತರಿಸುತ್ತಾನೆ, ಬಣ್ಣವನ್ನು ಗೆರೆ ದಾಟಿಸುತ್ತಾನೆ, ಮೂಲೆಯಲ್ಲೊಂದು ಬೆರಳಚ್ಚು ಬಿಡುತ್ತಾನೆ. "ಮಾಡೋದಕ್ಕಿಂತ ಕೆಡಿಸೋದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತೆ ಅಕ್ಕ" ಎಂದು ಒಮ್ಮೆ ಹೇಳಿದ್ದ. ಅಕ್ಷರದ್ದೇ ಅವನಿಗೆ ಕಷ್ಟವಾದದ್ದು. ಎಡಗೈಯಲ್ಲಿ ಬರೆದು ನೋಡಿದ. ಕೈ ನಡುಗುವ ಮುದುಕರು ಬರೆದ ಹಾಗೆ ಬಂತು. ಆಮೇಲೆ ಸ್ವಂತ ಮಗಳು ಬರೆಯುವುದನ್ನು ಪಕ್ಕದಲ್ಲೇ ಕೂತು ನೋಡಿ ನೋಡಿ ಕಲಿತ. ಗುಂಡು ಗುಂಡು ಅಕ್ಷರ, ಓರೆಯಾಗಿ ಇಟ್ಟ ಟೋಪಿಯಂಥ ತಲೆಕಟ್ಟು, ಬಲಕ್ಕೆ ಹೋಗುತ್ತಾ ಹೋಗುತ್ತಾ ಮೇಲಕ್ಕೇರುವ ಸಾಲು. ಅವಳು ಶಾಲೆಗೆ ಹೋದ ಹೊತ್ತಿನಲ್ಲಿ ಊರಿನ ಮಕ್ಕಳ ಚಾರ್ಟುಗಳನ್ನೆಲ್ಲ ಅವಳ ಅಕ್ಷರದಲ್ಲೇ ಬರೆದು, ಸುತ್ತಿ, ಕಾಗದ ಹೊದಿಸಿ ಇಡುತ್ತಿದ್ದ.

ನನಗೆ ಗೊತ್ತಾದ ದಿನವೇ ಬೈದಿದ್ದೆ. "ಏನು ಬೇಕಾದ್ರೂ ಮಾರ್ಕೋ ಮಾರಾಯ, ಮಗಳ ಅಕ್ಷರ ಮಾತ್ರ ಬೇಡ" ಅಂದೆ.

"ಅಕ್ಷರ ಏನು ಖರ್ಚಾಗಿ ಹೋಗುತ್ತಾ ಅಕ್ಕ?" ಅಂದ.

ಶಾಲೆಯವರ ಸಂಗತಿ ಹೇಳದಿದ್ದರೆ ನನ್ನ ಹೊಟ್ಟೆಯ ಉರಿ ಆರುವುದಿಲ್ಲ. ಪ್ರತಿ ವರ್ಷ ಸುತ್ತೋಲೆ ಬರುತ್ತದೆ: ಮಕ್ಕಳು ಪ್ರಾಜೆಕ್ಟನ್ನು ಸ್ವತಃ ತಯಾರಿಸತಕ್ಕದ್ದು. ತಂದೆತಾಯಿ ಆ ಸುತ್ತೋಲೆಯನ್ನು ಜೇಬಿನಲ್ಲಿ ಮಡಚಿಟ್ಟುಕೊಂಡೇ ಅಂಗಡಿಗೆ ಬರುತ್ತಾರೆ. "ಎದುರಿನ ಅಂಗಡೀಲಿ ಕೇಳಿ ನೋಡಿ" ಎಂದು ವಿಜ್ಞಾನದ ಮೇಡಮ್ಮೇ ಕಳಿಸುತ್ತಾರೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಮೇಳದ ದಿನ ಯಾವುದರಲ್ಲಿ ಮೋಟಾರು ತಿರುಗುತ್ತದೋ, ಯಾವುದರಲ್ಲಿ ದೀಪ ಹತ್ತುತ್ತದೋ ಅದಕ್ಕೇ ಬಹುಮಾನ. ಹೆಸರುಕಾಳು ಮೊಳಕೆ ಬರಿಸಿ ತಂದ ಮಗುವಿನ ಮೇಜಿನ ಹತ್ತಿರ ಒಬ್ಬರೂ ನಿಲ್ಲುವುದಿಲ್ಲ.

ಮೇಳಕ್ಕೆ ಸೇರುವ ತರಗತಿಗೆ ಕಡ್ಡಿ ಬಂದದ್ದು ಈ ವರ್ಷ. ಒಂದು ಸಂಜೆ ನನ್ನ ಹೊಲಿಗೆ ಮಿಷನ್ನಿನ ಪಕ್ಕ ಬಂದು ನಿಂತಳು.

"ಅತ್ತೆ, ನನ್ನ ಪ್ರಾಜೆಕ್ಟಿಗೆ ನೀನು ಸಹಾಯ ಮಾಡು. ಅಪ್ಪ ಒಂದು ಗೆರೆ ಕೂಡ ಎಳೀಬಾರದು."

"ಯಾಕೇ? ಊರಿಗೆಲ್ಲ ಮಾಡಿಕೊಡೋನು ಮನೇಲೇ ಇದ್ದಾನಲ್ಲ."

"ಅದಕ್ಕೇ. ನಿನಗೇನಮ್ಮ, ನಿಮ್ಮಪ್ಪನೇ ಮಾಡಿಕೊಡ್ತಾರೆ ಅಂತ ಕ್ಲಾಸಲ್ಲಿ ಎಲ್ಲರೂ ಅಂತಾರೆ. ಇದು ನಾನೇ ಮಾಡಿದ್ದು ಅಂತ ಅವರೆಲ್ಲ ಒಪ್ಕೋಬೇಕು. ಬಹುಮಾನ ಬರದಿದ್ರೂ ಪರವಾಗಿಲ್ಲ."

ಅವಳಿಗೆ ಬೇಕಾದದ್ದು ಇಷ್ಟೇ. ದೀಪ ಹತ್ತುವ ಹೃದಯ ಮಾಡೋಣ ಅಂದೆ. "ಅದರಲ್ಲಿ ನಾನು ಕಂಡುಹಿಡಿಯೋದು ಏನಿದೆ?" ಅಂದಳು. ಅಂಗಡಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ಗೋಂದಿನ ಕಪಾಟಿನ ಮುಂದೆ ಹೋಗಿ ನಿಂತು ಯೋಚಿಸಿದಳು. ಟ್ಯೂಬಿನ ಗೋಂದು, ಬಾಟಲಿಯ ಬಿಳಿ ಗೋಂದು, ಕಡ್ಡಿ ಗೋಂದು, ಅಪ್ಪ ಒಲೆಯ ಮೇಲೆ ಕಾಯಿಸುವ ಹಿಟ್ಟಿನ ಅಂಟು. ಇವುಗಳಲ್ಲಿ ಯಾವುದು ಗಟ್ಟಿ? ದುಬಾರಿಯದ್ದೇ ಗಟ್ಟಿ ಎಂದು ತನ್ನ ಊಹೆಯನ್ನೂ ಮೊದಲೇ ಬರೆದಿಟ್ಟಳು.

ಆಮೇಲೆ ಶುರುವಾಯಿತು ನನ್ನ ಪಾಡು. ರಟ್ಟಿನ ಪಟ್ಟಿಗಳೆಲ್ಲ ಒಂದೇ ಅಗಲ ಇರಬೇಕು, ಅಂಟು ಒಂದೇ ಅಳತೆ ಇರಬೇಕು, ಒಣಗುವ ಹೊತ್ತೂ ಒಂದೇ ಇರಬೇಕು. ಅಂಟು ಅಳೆಯಲು ಅವಳಮ್ಮ ಸೂಜಿ ಇಲ್ಲದ ಸಿರಿಂಜು ತಂದುಕೊಟ್ಟಳು. ಪಟ್ಟಿ ಕತ್ತರಿಸುವುದು ನನ್ನ ಕೆಲಸ. ಎರಡು ಪಟ್ಟಿ ಜೋಡಿಸಿ ಒಣಗಿಸಿ, ಪರದೆಯ ಸರಳಿನ ಕೊಕ್ಕೆಗೆ ತೂಗುಹಾಕಿ, ಕೆಳಗೆ ಚೀಲ ಕಟ್ಟಿ, ಚೀಲಕ್ಕೆ ನಾನು ಪರದೆಗೆ ಹೊಲಿಯುವ ಹಿತ್ತಾಳೆ ಉಂಗುರಗಳನ್ನು ಒಂದೊಂದಾಗಿ ಹಾಕುವುದು. ಪಟ್ಟಿ ಬಿಟ್ಟುಕೊಂಡಾಗ ಉಂಗುರಗಳೆಲ್ಲ ನೆಲದ ಮೇಲೆ ಉರುಳಿ ಮಿಷನ್ನಿನ ಕೆಳಗೆ ಸೇರುತ್ತಿದ್ದವು. ಒಮ್ಮೆ ನಾನು ಪಾಪ ಎಂದು ಹಿಟ್ಟಿನ ಅಂಟಿಗೆ ಸ್ವಲ್ಪ ಜಾಸ್ತಿ ಸವರಿದೆ. ಅವಳು ನೋಡಿಬಿಟ್ಟಳು. ಆ ದಿನದ ಪಟ್ಟಿಗಳನ್ನೆಲ್ಲ ಕಸಕ್ಕೆ ಹಾಕಿ ಮತ್ತೆ ಮೊದಲಿಂದ ಮಾಡಿಸಿದಳು. ನನ್ನ ಪಿತ್ತ ನೆತ್ತಿಗೇರಿತು, ಆದರೂ ಕತ್ತರಿ ಹಿಡಿದೆ.

ಗೆದ್ದದ್ದು ಹಿಟ್ಟಿನ ಅಂಟು. ರಟ್ಟೇ ಹರಿದರೂ ಅಂಟು ಬಿಡಲಿಲ್ಲ. ನೀರು ಸೋಕಿದರೆ ಮಾತ್ರ ಮೊದಲು ಕೈಕೊಟ್ಟದ್ದೂ ಅದೇ. ಅವಳ ಊಹೆ ಸುಳ್ಳಾಗಿತ್ತು.

"ಊಹೆ ತಿದ್ದಿಬಿಡು, ಯಾರಿಗೆ ಗೊತ್ತಾಗುತ್ತೆ?" ಅಂದೆ.

"ನನಗೆ ಗೊತ್ತಿರುತ್ತಲ್ಲ. ತಪ್ಪು ಊಹಿಸಿದ್ದೆ ಅಂತಾನೇ ಬರೀತೀನಿ" ಅಂದಳು.

ಅವಳು ಚಾರ್ಟ್ ಬರೆಯುತ್ತಿದ್ದಾಗ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಮೊದಲ ಸಾಲು ಅವಳ ಎಂದಿನ ರೂಢಿಯಂತೆ ಬೆಟ್ಟ ಹತ್ತಲು ಹೊರಟಿತ್ತು. ಅವನ ಕೈ ತಾನಾಗಿಯೇ ಸ್ಕೇಲಿನ ಕಡೆ ಹೋಯಿತು. ಮಗಳು ಕತ್ತೆತ್ತಿ ನೋಡಿದಳು. ಅವನು ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡು ಕೆಳಗಿಳಿದು ಹೋದ. ಅವಳ ಅಕ್ಷರದಲ್ಲೇ ಊರಿಗೆಲ್ಲ ಬರೆದುಕೊಡುವ ವಿಷಯವನ್ನು ಅವನು ಅವತ್ತೇ ಅವಳಿಗೆ ಹೇಳಿಬಿಡಬೇಕಿತ್ತು.

ಮೇಳ ನಡೆದದ್ದು ಶಾಲೆಯ ಊಟದ ಹಾಲಿನಲ್ಲಿ. ಉದ್ದ ಮೇಜುಗಳ ಮೇಲೆ ಬೆಟ್ಟ, ಅಣೆಕಟ್ಟು, ಕಾರಂಜಿ, ಗ್ರಹಗಳು. ತಮ್ಮ ಪ್ರತಿ ವರ್ಷದ ಹಾಗೆ ಸ್ಕ್ರೂಡ್ರೈವರ್ ಇಟ್ಟುಕೊಂಡು ಬಾಗಿಲ ಹತ್ತಿರ ನಿಂತಿದ್ದ. ಯಾರದ್ದಾದರೂ ಮೋಟಾರು ನಿಂತರೆ ತಂದೆತಾಯಿ ಕಣ್ಸನ್ನೆ ಮಾಡುತ್ತಾರೆ, ಇವನು ಹೋಗಿ ಮೇಜಿನ ಕೆಳಗೆ ಬಗ್ಗಿ ಸರಿಮಾಡಿ ಬರುತ್ತಾನೆ. ಕಡ್ಡಿಯ ಮೇಜು ಕೊನೆಯ ಸಾಲಿನಲ್ಲಿತ್ತು. ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ರಟ್ಟಿನ ಪಟ್ಟಿ ತೂಗುಹಾಕಿ, ಉಂಗುರದ ಬಟ್ಟಲು ಹಿಡಿದು ಕಾಯುತ್ತಿದ್ದಳು.

ಹೆಡ್‌ಮಾಸ್ಟರೂ ವಿಜ್ಞಾನದ ಮೇಡಮ್ಮೂ ಬಂದರು. ಮೇಡಂ ಪಾಠ ಮಾಡುವುದು ಬೇರೆ ತರಗತಿಗಳಿಗೆ, ಕಡ್ಡಿಯ ನೋಟ್‌ಬುಕ್ ಅವರು ನೋಡಿದವರಲ್ಲ. ಪಟ್ಟಿಯನ್ನೂ ನೋಡಲಿಲ್ಲ, ಉಂಗುರವನ್ನೂ ನೋಡಲಿಲ್ಲ. ಚಾರ್ಟ್ ನೋಡಿ ನಕ್ಕರು.

"ಇದು ಅಂಗಡಿ ಅಕ್ಷರ. ಎಲ್ಲರಿಗೂ ಗೊತ್ತಿರೋದೇ. ನಿಮ್ಮಪ್ಪ ಬರೆದಿದ್ದಲ್ವಾ?"

"ಇಲ್ಲ ಮೇಡಂ, ನಾನೇ ಬರೆದಿದ್ದು."

"ಸುಳ್ಳು ಹೇಳಬಾರದು. ಸಹಾಯ ತಗೊಂಡಿದ್ರೆ ಒಪ್ಕೊಂಡುಬಿಡು."

ನನಗೆ ಅಂಗಾಲಿನಿಂದ ನೆತ್ತಿವರೆಗೆ ಉರಿಯಿತು. ಅಂಗಡಿ ಅಕ್ಷರ ಎಂದು ಗುರುತು ಹಿಡಿಯುವ ಕಣ್ಣು ಇವರಿಗೆ ಇತ್ತು. ಅದೇ ಅಕ್ಷರ ಮುಂದಿನ ಸಾಲಿನ ಮೇಜುಗಳ ಮೇಲೆಲ್ಲ ಇತ್ತು, ಅವಕ್ಕೆ ಆಗಲೇ ಅಂಕ ಕೊಟ್ಟು ಬಂದಿದ್ದರು. ಅಲ್ಲಿ ಕುರುಡು, ಇಲ್ಲಿ ಮಾತ್ರ ಕಣ್ಣು.

"ಮೇಡಂ, ಮಗು ಕೈಗೆ ಒಂದು ಹಾಳೆ ಕೊಡಿ. ನಿಮ್ಮ ಮುಂದೇನೇ ಬರೀತಾಳೆ, ನೋಡಿ" ಅಂದೆ.

ಕೊಟ್ಟರು. ಬರೆದಳು. ಗುಂಡು ಅಕ್ಷರ, ಓರೆ ಟೋಪಿ, ಮೇಲಕ್ಕೇರುವ ಸಾಲು. ಒಂದು ಕೂದಲೆಳೆಯಷ್ಟೂ ಫರಕಿಲ್ಲ. ಮುಗಿಯಿತು, ಸತ್ಯ ಕಂಡಿತಲ್ಲ ಎಂದು ನಾನು ಉಸಿರುಬಿಟ್ಟೆ. ಹೆಡ್‌ಮಾಸ್ಟರು ಹಾಳೆ ನೋಡಿದರು, ಮುಂದಿನ ಸಾಲಿನ ಕಡೆ ನೋಡಿದರು, ಮತ್ತೆ ಹಾಳೆ ನೋಡಿದರು.

"ಹಾಗಾದ್ರೆ ಬೇರೆ ಮಕ್ಕಳಿಗೆಲ್ಲ ಬರೆದುಕೊಟ್ಟಿರೋದು ನೀನು" ಅಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ಕಡ್ಡಿ ಆಗ ಮೊದಲ ಸಲ ಬೇರೆ ಮೇಜುಗಳ ಕಡೆ ತಿರುಗಿದಳು. ಬೆಳಗ್ಗೆಯಿಂದ ತನ್ನ ಪಟ್ಟಿ, ತನ್ನ ಉಂಗುರಗಳಲ್ಲೇ ಮುಳುಗಿದ್ದವಳು ಕಾರಂಜಿಯ ಹತ್ತಿರ ಹೋಗಿ ಚಾರ್ಟ್ ಓದಿದಳು. ಗ್ರಹಗಳ ಹತ್ತಿರ ಹೋಗಿ ಓದಿದಳು. ತಾನು ಎಂದೂ ಬರೆಯದ ಮಾತುಗಳು, ತನ್ನದೇ ಅಕ್ಷರದಲ್ಲಿ. ಒಂದು ಚಾರ್ಟಿನ ಮೇಲೆ ಬೆರಳಿಟ್ಟು ತಲೆಕಟ್ಟಿನ ಮೇಲೆ ನಿಧಾನವಾಗಿ ಎಳೆದಳು. ಆಮೇಲೆ ಬಾಗಿಲ ಕಡೆ ನೋಡಿದಳು.

ತಮ್ಮ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಹಾಲಿನ ನಡುವೆ ಬಂದ. ಜೋರಾಗಿ ಮಾತಾಡುವ ಅಭ್ಯಾಸ ಅವನಿಗಿಲ್ಲ.

"ಸರ್, ಅವನ್ನೆಲ್ಲ ಬರೆದದ್ದು ನಾನು. ನನ್ನ ಮಗಳ ಅಕ್ಷರ ನೋಡಿ ಕಲಿತು ಬರೆದೆ. ಅವಳಿಗೆ ಗೊತ್ತಿರಲಿಲ್ಲ. ಅವಳದ್ದನ್ನ ಮಾತ್ರ ನಾನು ಮುಟ್ಟಿಲ್ಲ. ಈ ಹಾಲಿನಲ್ಲಿ ನಾನು ಮುಟ್ಟದೆ ಇರೋದು ಕೆಲವೇ ಇವೆ, ಬೇಕಾದ್ರೆ ತೋರಿಸ್ತೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಅಲ್ಲಿ ಎಷ್ಟು ಜನ. ಒಬ್ಬರು ಫೋನ್ ತೆಗೆದರು, ಒಬ್ಬರು ಫ್ಯಾನ್ ನೋಡಿದರು, ಒಬ್ಬ ತಾಯಿ ಮಗನ ಕಾಲರ್ ಸರಿಮಾಡತೊಡಗಿದಳು. ಮೊದಲ ವರ್ಷ ಅಂಗಡಿಗೆ ಬಂದು ಅತ್ತವಳು ಅವಳೇ.

ಹೆಡ್‌ಮಾಸ್ಟರು ತಮ್ಮನ ಭುಜದ ಮೇಲೆ ಕೈಯಿಟ್ಟರು. "ಈಗ ಗಲಾಟೆ ಬೇಡ. ಅಷ್ಟು ಜನ ಅಪ್ಪ ಅಮ್ಮಂದಿರು ಬಂದಿದ್ದಾರೆ. ಅವರೆಲ್ಲ ಸುಳ್ಳು ಹೇಳ್ತಾರಾ? ಪ್ರಶ್ನೆ ಬಂದಿರೋದು ಈ ಹುಡುಗಿ ಪ್ರಾಜೆಕ್ಟಿಗೆ. ಇದೊಂದನ್ನ ಸ್ಪರ್ಧೆಯಿಂದ ತೆಗೆದ್ರೆ ಆಯ್ತು."

"ಸರ್, ನಿಮ್ಮ ಕಣ್ಣೆದುರೇ ಬರೆದು ತೋರಿಸಿದ್ದಾಳೆ" ಅಂದೆ. "ಸತ್ಯ ಹೇಳಿದವರನ್ನ ಹೊರಗೆ ಹಾಕಿ ಸುಳ್ಳು ಹೇಳಿದವರಿಗೆ ಕಪ್ ಕೊಡ್ತೀರಾ? ಇದನ್ನೇನಾ ನೀವು ವಿಜ್ಞಾನ ಅಂತ ಕಲಿಸೋದು?" ನನ್ನ ದನಿ ಹಾಲಿಗೆಲ್ಲ ಕೇಳಿಸಿತು. ಕೇಳಿಸಲಿ ಅಂತಲೇ ಅಂದದ್ದು. ಮೇಡಂ ಕಡ್ಡಿಯ ಮೇಜಿನ ಅಂಕದ ಹಾಳೆಯ ಮೇಲೆ ಅಡ್ಡಗೆರೆ ಎಳೆದು ಮುಂದೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಮೈಕಿನಲ್ಲಿ ಮೊದಲ ಬಹುಮಾನ ಕಾರಂಜಿಗೆ ಎಂದು ಕೂಗಿದರು. ಚಪ್ಪಾಳೆಯೂ ಬಿತ್ತು.

ಉಂಗುರಗಳನ್ನು ಆರಿಸಿಕೊಂಡು, ಚಾರ್ಟ್ ಸುತ್ತಿಕೊಂಡು ರಸ್ತೆ ದಾಟಿ ಮನೆಗೆ ಬಂದೆವು. ಕಡ್ಡಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವುದಾದರೂ ನಮಗೆ ಗೊತ್ತಿತ್ತು. ತಮ್ಮ ಅವಳ ಎದುರು ನೆಲದ ಮೇಲೆ ಕೂತ.

"ತಪ್ಪಾಯ್ತು ಮಗಳೇ. ಇನ್ಮೇಲೆ ಯಾರಿಗೂ ಬರೆದುಕೊಡಲ್ಲ. ಒಂದಕ್ಷರ ಕೂಡ ಬರೆಯಲ್ಲ."

ಅವಳು ತನ್ನ ಬಲಗೈಯನ್ನೇ ನೋಡಿಕೊಂಡಳು.

"ನೀನು ಬಿಟ್ರೆ ಆಯ್ತಾ ಅಪ್ಪ? ಇನ್ನು ನಾನು ಏನು ಬರೆದ್ರೂ ನೀನೇ ಬರೆದಿದ್ದು ಅಂತಾರೆ. ಸೋಮವಾರ ಪರೀಕ್ಷೆ ಇದೆ. ನಾನು ಹೇಗೆ ಬರೀಲಿ, ಹೇಳು."

ಊರಿನಲ್ಲಿ ಯಾರಿಗೆ ಯಾವ ಅಕ್ಷರ ಬೇಕಾದರೂ ಬರೆದುಕೊಡಬಲ್ಲ ನನ್ನ ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದ. ಅವಳು ಇನ್ನೂ ಅವನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು.