ಡಬರಿಯ ಮೇಲಿನ ಹೆಸರು

ಗಂಡನ ಮನೆ ಬಿಟ್ಟು ಮೂಡಲಗಿಯಲ್ಲಿ ಬಾಡಿಗೆ ಮನೆ ಹಿಡಿದಾಗ ನನ್ನ ಬಳಿ ಎರಡು ಚೀಲ ಬಟ್ಟೆ ಬಿಟ್ಟರೆ ಬೇರೇನೂ ಇರಲಿಲ್ಲ. ಮದುವೆಯಲ್ಲಿ ತವರಿನವರು ಕೊಟ್ಟ ಪಾತ್ರೆಗಳೆಲ್ಲ ಅಲ್ಲೇ ಉಳಿದವು. ಒಂದೊಂದರ ಮೇಲೂ ಮುತ್ತೈದೆಯ ಗುರುತಿಗೆ 'ಸೌ.' ಎಂದು ಮೊದಲು, ಆಮೇಲೆ ನನ್ನ ಹೆಸರು, ಕೊನೆಗೆ ಗಂಡನ ಹೆಸರು ಕೆತ್ತಿಸಿದ್ದರು. ಕೇಳಿದ್ದರೆ ಕೊಡುತ್ತಿದ್ದರೇನೋ. ಕೇಳಲು ನನ್ನ ಸೊಕ್ಕು ಬಿಡಲಿಲ್ಲ.

ನನ್ನ ಕೆಲಸ ಗೋಕಾಕದ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ. ಅದರ ಹಿಂದಿನ ಸಂದಿಯಲ್ಲಿ ಹಳೇ ಸಾಮಾನು ಮಾರುವ ಕಾಕಾ ಒಬ್ಬರಿದ್ದರು. ಮಂಚ, ಗ್ಯಾಸಿನ ಒಲೆ, ಬಾಗಿಲು ಸರಿಯಾಗಿ ಮುಚ್ಚದ ಕಪಾಟು, ಎಲ್ಲ ಅಲ್ಲಿಂದಲೇ ಬಂದವು. ಹೊಸವು ಯಾಕೆ ಬೇಡ ಎಂದು ನಮ್ಮ ಗೊಬ್ಬರದ ಅಂಗಡಿಯವರು ಕೇಳುತ್ತಿದ್ದರು. ಹೊಸದು ತಂದರೆ ಅರಿಶಿನ-ಕುಂಕುಮ ಹಚ್ಚಬೇಕು, ನಾಲ್ಕು ಮಂದಿಯನ್ನು ಕರೆದು ತೋರಿಸಬೇಕು. ಕರೆಯಲು ನನಗೆ ಯಾರಿದ್ದರು? ಹಳೇ ಸಾಮಾನಿಗೆ ಆ ಹಂಗಿಲ್ಲ.

ಸ್ಟೀಲಿನ ದೊಡ್ಡ ಡಬರಿ ಕೊಂಡಿದ್ದು ಮಾತ್ರ ಹುಚ್ಚುತನ. ಒಬ್ಬಳ ಅನ್ನಕ್ಕೆ ಅಂಗೈಯಗಲದ ಪಾತ್ರೆ ಸಾಕು. ಇದರಲ್ಲಿ ಒಂದು ಬೀಗರ ಬಳಗಕ್ಕೇ ಸಾರು ಮಾಡಬಹುದಿತ್ತು. ಅದರ ಕಂಠದ ಮೇಲೆ ಚುಕ್ಕೆಚುಕ್ಕೆಯಾಗಿ 'ಸೌ.' ಎಂದು ಶುರುವಾಗಿ ಯಾರೋ ಹೆಂಗಸಿನ ಹೆಸರು, ಕೊನೆಗೆ 'ಮಸಗುಪ್ಪಿ' ಎಂದು ಊರಿನ ಹೆಸರಿತ್ತು.

"ಹೆಸರ ಅಳಿಸಿ ಕೊಡ್ಲೇನ್ರಿ?" ಎಂದರು ಕಾಕಾ.

"ಇರ್ಲಿ ಬಿಡ್ರಿ. ಹೆಸರೇನ ಅನ್ನ ಕೇಳ್ತೈತೇನು?" ಎಂದೆ. ನೀರು ತುಂಬಿಡಲು ಆಯಿತು.

ಓಣಿಯಲ್ಲಿ ನನ್ನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಮನೆಯ ಮಾಲಕರು ಬೇರೆ ಊರಿನವರು. ಬೆಳಿಗ್ಗೆ ಬಸ್ಸಿಗೆ ಓಡಿ, ಕತ್ತಲಾಗುವಾಗ ಬಂದು ಬಾಗಿಲು ಹಾಕಿಕೊಳ್ಳುವವಳನ್ನು ಯಾರು ತಾನೇ ಮಾತಾಡಿಸುತ್ತಾರೆ? ರವಿವಾರಗಳು ಬಲು ಉದ್ದ. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತ ಕೂತಿರುತ್ತಿದ್ದೆ. ಯಾರಾದರೂ ಹೆಸರು ಹಿಡಿದು ಕರೆದರೆ ಸಾಕು ಅನ್ನಿಸುತ್ತಿತ್ತು.

ಶ್ರಾವಣದಲ್ಲಿ ಓಣಿಯ ಮಠದಲ್ಲಿ ಪ್ರಸಾದವಿತ್ತು. ಅಡುಗೆಗೆ ಮನೆಮನೆಯಿಂದ ದೊಡ್ಡ ಪಾತ್ರೆ ಕೂಡಿಸುವುದು, ಆಮೇಲೆ ತೊಳೆದು, ಕೆತ್ತಿದ ಹೆಸರು ನೋಡಿ ಮನೆಗೆ ಮುಟ್ಟಿಸುವುದು ಅಲ್ಲಿಯ ರೂಢಿ. ಪಕ್ಕದ ಮನೆಯಾಕೆ ನನ್ನ ಬಾಗಿಲಿಗೂ ಬಂದಳು. ಡಬರಿಯನ್ನು ಫಳಫಳ ಹೊಳೆಯುವಂತೆ ತಿಕ್ಕಿ ಕೊಟ್ಟೆ.

ಮರುದಿನ ಸಂಜೆ ಬಾಗಿಲ ಹೊರಗೆ ಯಾರೋ ಆ ಮಸಗುಪ್ಪಿಯ ಹೆಂಗಸಿನ ಹೆಸರು ಹಿಡಿದು, "ಅಕ್ಕಾರ, ಅದೀರೇನ್ರಿ?" ಎಂದು ಕರೆದರು. ತೆರೆದರೆ ಪಕ್ಕದ ಮನೆಯಾಕೆ, ಕೈಯಲ್ಲಿ ಡಬರಿ. "ಖಾಲಿ ಕೊಡಬಾರದ್ರಿ," ಎಂದು ಒಳಗೆ ಒಂದು ಬಟ್ಟಲು ಗೋಧಿ ಹುಗ್ಗಿ ಇಟ್ಟಿದ್ದಳು. ಪಾತ್ರೆಯ ಮೇಲಿನ ಹೆಸರೇ ನನ್ನದೆಂದು ತಿಳಿದಿದ್ದಳು. ಅಲ್ಲ ಎನ್ನಲು ಬಾಯಿ ತೆರೆದವಳು, "ಹೂಂನ್ರಿ, ಬರ್ರಿ ಒಳಗ," ಎಂದುಬಿಟ್ಟೆ. ಯಾವುದೋ ಒಂದು ಹೆಸರು, ನನ್ನ ಬಾಗಿಲಿಗೆ ಬಂದಿತ್ತಲ್ಲ.

ಅಂದಿನಿಂದ ಓಣಿಗೆಲ್ಲ ನಾನು ಅದೇ ಹೆಸರಿನವಳಾದೆ. "ಮಸಗುಪ್ಪ್ಯಾಗ ಈ ಸಲ ಕಬ್ಬು ಹೆಂಗೈತ್ರಿ?" ಎಂದು ಕೇಳಿದರೆ "ಚಲೋ ಐತ್ರಿ" ಎನ್ನುತ್ತಿದ್ದೆ. ಆ ಊರನ್ನು ನಾನು ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ್ದು. ನಕ್ಕು ಮಾತಾಡಿ ಅವರೆಲ್ಲ ಎದ್ದು ಹೋದ ಮೇಲೆ ಮನೆ ಮೊದಲಿಗಿಂತ ಖಾಲಿ ಅನ್ನಿಸುತ್ತಿತ್ತು. ಅವರು ಮಾತಾಡಿಸಿದ್ದು ನನ್ನನ್ನಲ್ಲವಲ್ಲ. ಹೇಳಿಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಹೇಳಿದರೆ ಬರುವುದನ್ನೇ ಬಿಟ್ಟಾರು ಎಂದು ಹೆದರಿದೆ.

ಹೋದ ವರ್ಷ ಹುಕ್ಕೇರಿಯಲ್ಲಿ ಬೇರೆ ಕೆಲಸ ಸಿಕ್ಕಿತು. ಸಾಮಾನು ಟೆಂಪೋಗೆ ಏರಿಸುವ ದಿನ ಓಣಿಯ ಹೆಂಗಸರು ಕೂಡಿ ಬಂದು ನನಗೆ ಉಡಿ ತುಂಬಿದರು. "ನಿಮ್ಮ ಮನ್ಯಾಗ ಎಲ್ಲಾ ಹಳೇ ಸಾಮಾನ ಅದಾವ್ರಿ. ಒಂದರ ಹೊಸಾದು ಇರ್ಲಿ," ಎಂದು ಪಕ್ಕದ ಮನೆಯಾಕೆ ಸ್ಟೀಲಿನ ಕೊಡವೊಂದನ್ನು ಕೈಗಿಟ್ಟಳು. ಅದರ ಮೇಲೆ ಹೊಸದಾಗಿ ಕೆತ್ತಿಸಿದ್ದರು: ಅದೇ 'ಸೌ.', ಅದೇ ಹೆಸರು, ಕೆಳಗೆ 'ಓಣಿಯವರಿಂದ'.

ನನಗೆ ಅಳು ತಡೆಯಲಾಗಲಿಲ್ಲ. ಓಣಿ ಬಿಟ್ಟು ಹೋಗುವ ದುಃಖವೆಂದು ತಿಳಿದು ಎಲ್ಲರೂ ಸಮಾಧಾನ ಮಾಡಿದರು. ಬೆನ್ನು ಸವರುತ್ತ, ಆ ಮಸಗುಪ್ಪಿಯಾಕೆಯ ಹೆಸರು ಹಿಡಿದೇ ಸಮಾಧಾನ ಮಾಡಿದರು.